ಹೊಳೆ ದಾಟಿದ ಸುದ್ದಿ

ಅಮ್ಮಾ,

ನಿಂತುಕೊಂಡು ಓದುತ್ತಿದ್ದರೆ ಮೊದಲು ಕೂತುಕೋ. ಅಕ್ಕ ಹತ್ತಿರದಲ್ಲಿದ್ದರೆ ಅವಳನ್ನೂ ಕೂರಿಸಿಕೋ. ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ವಿಷಯ ಇಷ್ಟೇ: ಮೊನ್ನೆ ಭಾನುವಾರ ನಿನ್ನ ಕಿರಿಮಗಳು, ಐವತ್ತು ದಾಟಿದ ಈ ಟೈಲರಮ್ಮ, ನಮ್ಮ ಮನೆ ಹಿಂದಿನ ಹೊಳೆಯನ್ನು ಈಜಿ ದಾಟಿದಳು.

ತಮ್ಮ ನೀರುಪಾಲಾದ ಮೇಲೆ ನೀನು ಹಿಂಬಾಗಿಲಿಗೆ ಮೊಳೆ ಹೊಡೆಸಿದ್ದು ನನಗೆ ಚೆನ್ನಾಗಿ ನೆನಪಿದೆ. "ಆ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ" ಅಂದಿದ್ದೆ. ನಾನು ತಲೆ ಹಾಕಲಿಲ್ಲ, ನನ್ನ ಮಕ್ಕಳನ್ನೂ ಹಾಗೇ ಹೆದರಿಸಿ ಬೆಳೆಸಿದೆ. ಬೀದಿಯ ಎಲ್ಲ ಮನೆಗಳಲ್ಲೂ ಅದೇ ಕತೆ. ಆದರೂ ಬೇಸಿಗೆ ಬಂತೆಂದರೆ ಯಾರ ಮನೆಯಿಂದಲೋ ಅಳು ಕೇಳುವುದು ತಪ್ಪುತ್ತಿರಲಿಲ್ಲ. ಸೆಕೆಗೆ ಬೆಂದ ಮಕ್ಕಳನ್ನು ಎಷ್ಟು ದಿನ ಕೂಡಿಹಾಕಲಾಗುತ್ತದೆ?

ಬೀದಿಯ ಕೊನೆಯಲ್ಲಿರುವ ವಿಶ್ವವಿದ್ಯಾಲಯದ ಗೋಡೆ ನಿನಗೆ ಗೊತ್ತಲ್ಲ, ಅದರ ನೆರಳಿಗೆ ನಮ್ಮ ಬಟ್ಟೆ ಒಣಗುವುದಿಲ್ಲ ಎಂದು ನೀನು ಇಲ್ಲಿದ್ದಾಗ ದಿನಾ ಗೊಣಗುತ್ತಿದ್ದೆ. ಸುತ್ತಲಿನ ಜನರ ಉಪಯೋಗಕ್ಕೆ ಬಾರದ ಓದು ಅರೆಬರೆ ಓದು ಎಂದು ಆ ಗೋಡೆಯೊಳಗಿನವರಿಗೇ ಹೋದ ವರ್ಷ ಅನಿಸಿತಂತೆ. ಇನ್ನು ಮೇಲೆ ಪ್ರತಿ ವಿದ್ಯಾರ್ಥಿಯೂ ನೆರೆಹೊರೆಯವರ ಜೊತೆ ಸೇರಿ ಒಂದು ಕೆಲಸ ಮಾಡಲೇಬೇಕು ಎಂದು ತೀರ್ಮಾನಿಸಿದರು. ಹಾಗೆ ಒಬ್ಬಳು ಹುಡುಗಿ ನನ್ನ ಅಂಗಡಿಗೆ ಬಂದಳು. ಕಡ್ಡಿಯಂಥ ಮೈ, ಮುಖಕ್ಕಿಂತ ದೊಡ್ಡ ಕನ್ನಡಕ.

"ನಿಮ್ಮ ಬೀದಿಗೆ ಏನು ಬೇಕು ಆಂಟಿ?" ಅಂದಳು.

"ಏನೂ ಬೇಡಮ್ಮ, ಗಿರಾಕಿ ಇದ್ದಾರೆ, ಸ್ವಲ್ಪ ಪಕ್ಕಕ್ಕೆ ನಿಲ್ಲು" ಅಂದೆ.

ಪಕ್ಕದ ಬೇಕರಿಯಾಕೆ ಸುಮ್ಮನಿರಬೇಕಲ್ಲ! "ನಿಮ್ಮ ಗೋಡೆಯೊಳಗಿನ ಈಜುಕೊಳ ಕೊಟ್ಬಿಡಿ, ನಮ್ಮ ಮಕ್ಕಳಾದ್ರೂ ಉಳೀಲಿ" ಎಂದು ಕಿಚಾಯಿಸಿದಳು. ಹುಡುಗಿ ನಗಲಿಲ್ಲ. ಕೆಲವು ವಾರ ಕಳೆದು ಓಡಿಬಂದಳು. "ಕೊಳ ಸಿಕ್ತು ಆಂಟಿ! ಮಕ್ಕಳಿಗಷ್ಟೇ ಅಲ್ಲ, ಅಮ್ಮಂದಿರಿಗೂ. ಮಗು ನೀರಿಗೆ ಬಿದ್ರೆ ಹತ್ರ ಇರೋದು ನೀವೇ ಅಲ್ವಾ?"

ಅಮ್ಮಾ, ಆ ಮಾತು ಎದೆಗೆ ನಾಟಿತು. ಮುಳುಗುತ್ತಿದ್ದ ತಮ್ಮ ಕೈ ಎತ್ತಿದಾಗ ದಡದಲ್ಲಿದ್ದವಳು ನಾನು. ಕೂಗುವುದೊಂದು ಬಿಟ್ಟು ಅವನ ಪುಟ್ಟ ಅಕ್ಕನಾದ ನನಗೆ ಇನ್ನೇನೂ ಬರುತ್ತಿರಲಿಲ್ಲ.

ಈಜುಡುಗೆ ಹಾಕಲು ಎಲ್ಲರಿಗೂ ನಾಚಿಕೆ. ಮೈ ಮುಚ್ಚುವಂಥದ್ದನ್ನು ನಾನೇ ಹೊಲಿದೆ. ಎಳೆದರೆ ಹಿಗ್ಗುವ ಆ ಬಟ್ಟೆ ಪ್ರಾಣ ಹಿಂಡಿತು, ಹೊಲಿಗೆ ನಿಲ್ಲದೆ ಬೇಕರಿಯಾಕೆಯದನ್ನು ಮತ್ತೆ ಬಿಚ್ಚಿ ಹೊಲಿಯಬೇಕಾಯಿತು. ಮೊದಲ ದಿನ ಸೊಂಟದ ಮಟ್ಟದ ನೀರಿನಲ್ಲಿ ಕಂಬಿ ಹಿಡಿದ ನಾನು ಬಿಡಲೇ ಇಲ್ಲ. ಹುಡುಗಿ ನನ್ನ ಬೆನ್ನಿಗೆ ಅಂಗೈ ಕೊಟ್ಟು "ಆಕಾಶ ನೋಡಿ ಆಂಟಿ, ಕತ್ತು ಸಡಿಲ ಬಿಡಿ" ಅನ್ನುತ್ತಿದ್ದಳು. ಒಂದು ಬೆಳಿಗ್ಗೆ ಹಾಗೇ ಆಕಾಶ ನೋಡುತ್ತಾ ಕಣ್ಣು ಹೊರಳಿಸುತ್ತೇನೆ, ಅವಳು ಅಷ್ಟು ದೂರದಲ್ಲಿ ಎರಡೂ ಕೈಯಿಂದ ಒದ್ದೆ ಕೂದಲು ಕಟ್ಟಿಕೊಳ್ಳುತ್ತಿದ್ದಾಳೆ! ಕೊಳವೇ ಅದುರುವಂತೆ ಕಿರುಚಿದೆ. ಆಮೇಲೆ ನಕ್ಕೆ. ನಗುವಾಗಲೂ ತೇಲುತ್ತಲೇ ಇದ್ದೆ.

ಪರೀಕ್ಷೆ ಮುಗಿದು ಅವಳಿಗೆ ಅಂಕ ಬಂದ ಮೇಲೆ ಕೊಳದ ಮ್ಯಾನೇಜರ್ ಬಾಗಿಲಿಗೆ ಬೀಗ ಹಾಕಿದ. ಕಾರ್ಯಕ್ರಮ ಮುಗಿಯಿತಂತೆ. ಹುಡುಗಿಯ ಕಣ್ಣಲ್ಲಿ ನೀರು. ನಾವು ಬಿಡುವವರೇ? ಬೀದಿಯ ಹೆಂಗಸರೆಲ್ಲ ಅವಳನ್ನೂ ಕರೆದುಕೊಂಡು ಕುಲಪತಿ ಮೇಡಂ ಕೊಠಡಿಗೆ ನುಗ್ಗಿದೆವು. ಎಲ್ಲರೂ ನನ್ನನ್ನೇ ಮುಂದೆ ತಳ್ಳಿದರು. ನಾನು ಹೇಳಿಯೇಬಿಟ್ಟೆ.

"ಮೇಡಂ, ಅರ್ಧಂಬರ್ಧ ಈಜು ಕಲ್ತೋರಿಗೇ ಅಪಾಯ ಜಾಸ್ತಿ, ಧೈರ್ಯವಾಗಿ ಇಳಿದುಬಿಡ್ತಾರೆ. ಪೂರ್ತಿ ಕಲಿಸಿ, ಇಲ್ಲಾಂದ್ರೆ ಕರೀಲೇಬೇಡಿ."

ಮೇಡಂ ಮ್ಯಾನೇಜರನ್ನು ಕರೆಸಿದರು. "ಇವರಿಗೆ ಮಾತು ಕೊಟ್ಟಿರೋದು ವಿದ್ಯಾರ್ಥಿಗಳ ಅಂಕಕ್ಕೋಸ್ಕರ ಅಲ್ಲ. ಕೊಳ ತೆಗೀರಿ. ಮುಂದಿನ ವರ್ಷಾನೂ ತೆಗೀರಿ, ಅದರ ಮುಂದಿನ ವರ್ಷಾನೂ" ಅಂದರು. ಮೆಟ್ಟಿಲಿಳಿಯುವಾಗ ಬೇಕರಿಯಾಕೆ ಹುಡುಗಿಯನ್ನು ಎತ್ತಿ ಗಿರಗಿರ ತಿರುಗಿಸಿಬಿಟ್ಟಳು. ಈ ಬೇಸಿಗೆ ನಮ್ಮ ಬೀದಿ ಒಂದು ಮಗುವನ್ನೂ ಕಳೆದುಕೊಳ್ಳಲಿಲ್ಲ.

ಭಾನುವಾರ ಈಜು ಕಲಿತ ನಾವು ಕೆಲವರು ಹೊಳೆಗಿಳಿದಾಗ ನಮ್ಮ ಎರಡೂ ಪಕ್ಕದಲ್ಲಿ ವಿದ್ಯಾರ್ಥಿಗಳ ದೋಣಿಗಳಿದ್ದವು. ನಡುನೀರಿನಲ್ಲಿ ಒಮ್ಮೆ ತಮ್ಮನ ಹೆಸರು ಬಾಯಿಗೆ ಬಂತು. ಅತ್ತರೆ ಉಸಿರು ಕಟ್ಟುತ್ತದೆ, ಅದಕ್ಕೇ ಅಳಲಿಲ್ಲ, ಕೈ ಬೀಸಿದೆ. ಒಂದು ಬೀಸು ನನಗೆ, ಒಂದು ಬೀಸು ಅವನಿಗೆ. ಕಾಲಿಗೆ ಆಚೆ ದಡದ ಕೆಸರು ತಾಗಿದಾಗ ಎದ್ದು ನಿಂತು ತಿರುಗಿ ನೋಡಿದೆ. ಈ ದಡದಲ್ಲಿ ಇಡೀ ಬೀದಿ ನಿಂತು ತಟ್ಟೆ ಬಡಿಯುತ್ತಿತ್ತು. ವಿಶ್ವವಿದ್ಯಾಲಯದವರು ಯಾರು, ಬೀದಿಯವರು ಯಾರು, ಅಲ್ಲಿಂದ ಒಂದೂ ಗೊತ್ತಾಗಲಿಲ್ಲ ಅಮ್ಮಾ. ಎಲ್ಲ ನಮ್ಮವರೇ.

ಮುಂದಿನ ತಿಂಗಳಿಂದ ಅಜ್ಜಿಯರ ಗುಂಪು ಶುರುವಾಗುತ್ತದೆ. ಕಲಿಸುವವಳು ನಾನೇ. ಈಜಲೇಬೇಕೆಂದಿಲ್ಲ, ಕಾಲು ಇಳಿಬಿಟ್ಟು ಕೂತರೂ ಸಾಕು. ನಿನ್ನನ್ನು ಕೇಳದೆಯೇ ನಿನ್ನ ಹೆಸರು ಕೊಟ್ಟಿದ್ದೇನೆ. ಬಾ. ಬೆನ್ನಿಗೆ ನನ್ನ ಅಂಗೈ ಇರುತ್ತದೆ, ನೀನು ಹೇಳುವವರೆಗೂ ತೆಗೆಯುವುದಿಲ್ಲ.

ಕಾಲುನೋವು ಕಡಿಮೆಯಾಗಲಿ, ನೂರು ಕಾಲ ಬಾಳು.

ಇನ್ನೂ ತಲೆ ಒಣಗದ,
ನಿನ್ನ ಕಿರಿಮಗಳು