ಮಡಿಕೆಯಿಂದ ಐದು ಸಾವಿರ

ಹೊಲಿಗೆ ಅಂಗಡಿಯ ಮೇಲಿನ ಕೋಣೆ
ಮಾರ್ಚ್ ೧೪, ಶನಿವಾರ ಬೆಳಿಗ್ಗೆ

ಪ್ರೀತಿಯ ಮಗಳೇ, ಚೂಟಿ,

ಹೇಗಿದ್ದೀಯ? ಕೆಮ್ಮು ಹೋಯಿತೋ ಇಲ್ಲವೋ? ಕಳೆದ ಪತ್ರದಲ್ಲಿ "ಪರವಾಗಿಲ್ಲ" ಅಂತ ಒಂದೇ ಪದ ಬರೆದಿದ್ದೀಯ. ಹೋಯಿತು ಅಂದರೂ ಪರವಾಗಿಲ್ಲವೇ, ಇದೆ ಆದರೆ ತಡೆದುಕೊಂಡಿದ್ದೇನೆ ಅಂದರೂ ಪರವಾಗಿಲ್ಲವೇ. ಆ ಒಂದು ಪದ ಹಿಡಿದುಕೊಂಡು ಹದಿನೈದು ದಿನ ಒದ್ದಾಡಿದ್ದೇನೆ. ಮುಂದಿನ ಸಲ ಹೋಯಿತು ಅಂತಲೋ ಇದೆ ಅಂತಲೋ ನೆಟ್ಟಗೆ ಬರೆ. ಸುತ್ತ ಎತ್ತ ನೋಡಿದರೂ ನೀರು, ಆ ಹವಾಮಾನ ಕೇಂದ್ರದಲ್ಲಿ ಇರುವವರು ನಾಲ್ಕೇ ಜನ, ದೋಣಿ ಬರುವುದು ತಿಂಗಳಿಗೊಂದು ಸಲ. ಅಲ್ಲಿಗೆ ಫೋನ್ ಸಿಗುವುದಿಲ್ಲ, ಇರುವ ಇಂಟರ್ನೆಟ್ಟು ಮಳೆಗಾಳಿಯ ಲೆಕ್ಕ ಕಳಿಸುವುದಕ್ಕೇ ಸಾಲದು ಅಂತ ನೀನೇ ಬರೆದಿದ್ದೆ. ಜ್ವರ ಬಂದರೆ ಯಾರು ನೋಡುತ್ತಾರೆ? ಗಾಳಿ ಅಳೆಯುವ ಆ ಕಂಬ ಹತ್ತುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತೀಯ ತಾನೆ? ಗಂಟು ನೀನೇ ಹಾಕು. ಬೇರೆಯವರು ಹಾಕಿದ ಗಂಟನ್ನು ನಂಬಬೇಡ. ಇದು ನಲವತ್ತು ವರ್ಷ ದಾರ ಹಿಡಿದವನ ಮಾತು.

ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದಲ್ಲೇ ಇದೆ, ಅದೂ ಈಗ ಮನೆಯವರಲ್ಲಿ ಒಬ್ಬರ ಹಾಗೆ. ನಿನ್ನ ಅತ್ತೆ ದಿನಾ ಔಷಧದ ಅಂಗಡಿ ಮುಚ್ಚಿ ಮನೆಗೆ ಹೋಗುವ ಮುಂಚೆ ಇಲ್ಲಿಗೆ ಬಂದು, ನಾನು ಮಾತ್ರೆ ನುಂಗಿದೆನೋ ಇಲ್ಲವೋ ಅಂತ ಎಣಿಸಿ ಹೋಗುತ್ತಾಳೆ. ನನ್ನ ಬೆನ್ನಿಗೆ ಬಿದ್ದ ತಂಗಿ, ಈಗ ನನಗೇ ಅಜ್ಜಿ ಆಗಿದ್ದಾಳೆ. ನಿನ್ನ ಕಂಪ್ಯೂಟರೂ ಚೆನ್ನಾಗಿದೆ. ಅಂದರೆ, ಈಗ ಚೆನ್ನಾಗಿದೆ. ನಡುವೆ ಒಂದು ವಿಷಯ ಆಯಿತು, ಕ್ರಮವಾಗಿ ಹೇಳುತ್ತೇನೆ. ನೀನು ಗಾಬರಿಯಾಗಬೇಡ, ಗಾಬರಿಯಾಗುವುದಕ್ಕೆ ನಾನಿದ್ದೇನೆ.

ನೀನು ಹೊರಟ ದಿನ ಬಟ್ಟೆ ಕತ್ತರಿಸುವ ಮೇಜಿನ ಕೆಳಗಿನ ಆ ಕಪ್ಪು ಕಂಪ್ಯೂಟರ್ ಡಬ್ಬಿ ತೋರಿಸಿ, "ಆರಿಸಬೇಡ ಅಪ್ಪ, ನಾನು ಬರೋವರೆಗೂ ಊರು ನಡೀತಿರಲಿ" ಅಂದಿದ್ದೆ. ಆರಿಸಿಲ್ಲ. ಹಲ್ಲುಜ್ಜುವ ಮೊದಲು ಒಮ್ಮೆ, ಅಂಗಡಿ ತೆರೆದಾಗ ಒಮ್ಮೆ, ಬಾಗಿಲು ಹಾಕುವಾಗ ಒಮ್ಮೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಅದರ ಬೆನ್ನು ಮುಟ್ಟಿ ನೋಡುತ್ತೇನೆ. ನಮ್ಮ ಬೀದಿಯವರು ತಮ್ಮ ತಮ್ಮ ಮನೆಯಲ್ಲೇ ಕೂತು, ನೀನು ತೆರೆದಿಟ್ಟ ಆ ಆಟದ ಊರಿಗೆ ಈಗಲೂ ಬರುತ್ತಾರೆ, ಅಗೆಯುತ್ತಾರೆ, ಇಟ್ಟಿಗೆ ಪೇರಿಸುತ್ತಾರೆ, ಜಗಳ ಆಡುತ್ತಾರೆ. ಅತ್ತೆಯ ಕುಂಬಳದ ತೋಟ ನೋಡಿದರೆ ನೀನು ಬೆರಗಾಗುತ್ತೀಯ. ಎದುರಿನ ಕನ್ನಡಕದಂಗಡಿಯವನು, ನಮ್ಮ ಚಷ್ಮಾ, ಗೋಪುರ ಕಟ್ಟುತ್ತಲೇ ಇದ್ದಾನೆ. ಮೇಲೆ ಹೋದಷ್ಟೂ ಸೊಟ್ಟ ಆಗುತ್ತಿದೆ. ಬೇರೆಯವರ ಕಣ್ಣು ಸರಿ ಮಾಡುವವನಿಗೆ ತನ್ನ ಗೋಪುರದ ಸೊಟ್ಟ ಕಾಣುವುದಿಲ್ಲ ಅಂತ ಅತ್ತೆ ಬಾಯಿ ತುಂಬ ನಗುತ್ತಾಳೆ.

ವಿಷಯ ಏನೆಂದರೆ, ಆ ಆಟದಲ್ಲಿ ಭೂಮಿಗೆ ಕೊನೆ ಅಂತ ಇಲ್ಲವಲ್ಲ. ಯಾರು ಎಷ್ಟು ದೂರ ನಡೆದರೂ ಎದುರಿಗೆ ಹೊಸ ಭೂಮಿ ಹುಟ್ಟುತ್ತ ಹೋಗುತ್ತದೆ, ಹುಟ್ಟಿದ್ದೆಲ್ಲ ಡಬ್ಬಿಯೊಳಗೆ ಉಳಿದುಬಿಡುತ್ತದೆ. ಅತ್ತೆ ಆಟದ ಕುದುರೆ ಹತ್ತಿ ಯಾವುದೋ ನೀಲಿ ಹೂವು ಬೇಕು ಅಂತ ಪಡುವಣದ ಕಡೆ ಹೋದವಳು ಒಂದು ವಾರ ಊರಿಗೆ ಹಿಂದಿರುಗಲಿಲ್ಲ. ಉಳಿದವರೂ ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದರು. ಡಬ್ಬಿ ತುಂಬಿತು, ಬಿಸಿಯಾಯಿತು, ಒಂದು ಮಧ್ಯಾಹ್ನ ಆಟದೊಳಗೆ ಎಲ್ಲರೂ ಇದ್ದಲ್ಲೇ ಕಲ್ಲಾದರು. ಹಳ್ಳ ಹಾರುತ್ತಿದ್ದ ಅತ್ತೆ ಕುದುರೆಯ ಸಮೇತ ಅರ್ಧ ಗಂಟೆ ಗಾಳಿಯಲ್ಲೇ ನಿಂತಿದ್ದಳು. ನಾನು ಅಂಗಡಿಯ ಬಾಗಿಲಿಗೆ ಹೋಗಿ ಚಷ್ಮಾನನ್ನು ಕೂಗಿದೆ. ಚಷ್ಮಾ ಓಡಿ ಬಂದು ನೋಡಿದ. "ಮಾಸ್ಟ್ರೇ, ಊರಿಗೆ ಗಡಿ ಹಾಕ್ಲೇಬೇಕು. ಗಡಿ ಆಚೆ ಇರೋದನ್ನ ಕತ್ತರಿಸಿ ಬಿಸಾಕ್ಬೇಕು. ಇಲ್ದಿದ್ರೆ ಒಂದಿನ ಇದ್ದದ್ದೂ ಹೋಗುತ್ತೆ" ಅಂದ. ಮೊದಲು ಒಂದು ಕಾಪಿ ತೆಗೆದಿಡೋಣ ಅಂದೆ. "ಕಾಪಿ ಇಡೋಕೆ ಜಾಗ ಇದ್ದಿದ್ರೆ ಕತ್ತರಿ ಯಾಕೆ ಬೇಕಿತ್ತು?" ಅಂದ. ಅದೂ ಸರಿಯೇ.

ಕಳೆದ ವಾರದ ಬುಧವಾರ ಮಧ್ಯಾಹ್ನ ಅಂಗಡಿಯಲ್ಲೇ ಪಂಚಾಯಿತಿ ಸೇರಿತು. ನಡು ಊರಿನಿಂದ ನಾಲ್ಕೂ ಕಡೆಗೆ ಎರಡು ಸಾವಿರ ಹೆಜ್ಜೆ ಸಾಕು, ಎಲ್ಲರ ತೋಟ ಮನೆ ಅಷ್ಟರಲ್ಲೇ ಇದೆ, ಮಿಕ್ಕಿದ್ದು ಬರೀ ಕಾಡು ಅಂತ ಅತ್ತೆ ತೀರ್ಪು ಕೊಟ್ಟಳು. ನಾನು ಐದು ಸಾವಿರ ಅಂದೆ. "ಅಷ್ಟು ದೂರ ಯಾಕಣ್ಣಾ, ಅಲ್ಲೇನು ನಿಮ್ಮಪ್ಪ ಮಾಡಿಟ್ಟ ಆಸ್ತಿ ಇದ್ಯಾ?" ಅಂದಳು. ನಮ್ಮಪ್ಪ ಅವಳಿಗೂ ಅಪ್ಪ ಅನ್ನುವುದು ಸಿಟ್ಟು ಬಂದಾಗ ಅವಳಿಗೆ ನೆನಪಿರುವುದಿಲ್ಲ. ನಾನು ನೀನು ಬಿಟ್ಟುಹೋದ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ಅವಳ ಮುಂದೆ ಇಟ್ಟೆ. ನೀನು ಪೆನ್ಸಿಲ್ಲಿನಲ್ಲಿ ಬರೆದದ್ದು, "ಪೂರ್ವಕ್ಕೆ ೪೨೦೦. ನನ್ನದು." ಅಷ್ಟೇ. ಹೋಗುವ ಮುಂಚಿನ ಆ ನಾಲ್ಕು ತಿಂಗಳು ನೀನು ದಿನಾ ಸಂಜೆ ಒಬ್ಬಳೇ ಆ ಕಡೆ ಹೋಗುತ್ತಿದ್ದೆಯಲ್ಲ, ಏನು ಕಟ್ಟುತ್ತಿದ್ದೀಯ ಅಂತ ಕೇಳಿದರೆ, "ಮುಗಿದ ಮೇಲೆ ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ. ಅಲ್ಲೀವರೆಗೂ ನೀನಾಗಿ ಹೋಗಿ ನೋಡ್ಬಾರ್ದು" ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದೆ. ಮುಗಿಯುವ ಮುಂಚೆ ಕೆಲಸದ ಪತ್ರ ಬಂತು, ಹೊರಟುಹೋದೆ. ನಾನು ಕೊಟ್ಟ ಮಾತು ತಪ್ಪಿಲ್ಲ. ನಾಲ್ಕು ಸಾವಿರದ ಇನ್ನೂರಕ್ಕೆ, ಹೊಲಿಗೆಯ ಒಳಗೆ ಬಿಡುವ ಬಟ್ಟೆ ಅಂತ ಇನ್ನೊಂದು ಎಂಟು ನೂರು ಸೇರಿಸಿ ಐದು ಸಾವಿರ ಅಂದದ್ದು. ಅತ್ತೆ ಓದಿ ಪುಸ್ತಕ ಮುಚ್ಚಿದಳು. "ಐದೇ ಇರಲಿ" ಅಂದಳು.

ಗುರುವಾರ ಬೆಳಿಗ್ಗೆ, ಗಡಿ ಹಾಕುವುದು ಹೇಗೆ ಅಂತ ನೀನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಸಾಲನ್ನು ಒಂದೊಂದೇ ಅಕ್ಷರ ಹುಡುಕಿ ಹೊಡೆದೆ, ಕೊನೆಗೆ ೫೦೦೦ ಹಾಕಿದೆ. ಮೂರು ಸಲ ಓದಿದೆ. ಸೊನ್ನೆ ಎಣಿಸಿದೆ. ಭಾನುವಾರ ಚಷ್ಮಾ ಗಡಿಯಾಚೆಯದನ್ನೆಲ್ಲ ಕತ್ತರಿಸಿದ. ಡಬ್ಬಿ ತಣ್ಣಗಾಯಿತು. "ಇಷ್ಟೊಂದು ಹಗುರ ಆಗುತ್ತೆ ಅಂದ್ಕೊಂಡಿರ್ಲಿಲ್ಲ ಮಾಸ್ಟ್ರೇ" ಅಂತ ಅವನೇ ಆಶ್ಚರ್ಯಪಟ್ಟ. ನನಗೆ ಅಲ್ಲೇ ಹೊಳೆಯಬೇಕಿತ್ತು. ಮಂಗಳವಾರ ಅತ್ತೆ ಏದುಸಿರು ಬಿಡುತ್ತ ಅಂಗಡಿಗೆ ನುಗ್ಗಿ, "ಅಣ್ಣಾ, ನಿನ್ನ ಐದು ಸಾವಿರ ಎಲ್ಲೋ? ಎರಡೂವರೆ ಸಾವಿರಕ್ಕೇ ನೀಲಿ ಗೋಡೆ ನಿಂತಿದೆ, ನನ್ನ ಕುದುರೆ ಮೂತಿ ಜಜ್ಜಿಕೊಂಡಿತು!" ಅಂದಳು.

ಮಗಳೇ, ತಪ್ಪು ಯಂತ್ರದ್ದಲ್ಲ, ನಿನ್ನದೂ ಅಲ್ಲ. ಆರನೇ ತರಗತಿಗೆ ಶಾಲೆ ಬಿಡಿಸಿ ನನ್ನನ್ನು ಮೆಷಿನ್ನಿನ ಮುಂದೆ ಕೂರಿಸಿದರು. ನನಗೆ ಗೊತ್ತಿರುವ ಗಣಿತವೆಲ್ಲ ಬಟ್ಟೆಯ ಮೇಲಿನದು. ಅಂಗಿಯ ಬೆನ್ನು ಹದಿನೆಂಟು ಇಂಚು ಬೇಕಾದರೆ ಬಟ್ಟೆ ಮಡಿಚಿ, ಮಡಿಕೆಯಿಂದ ಒಂಬತ್ತಕ್ಕೆ ಗುರುತು ಹಾಕುತ್ತೇವೆ. ಕತ್ತರಿಸಿ ಬಿಚ್ಚಿದಾಗ ತಾನಾಗಿ ಹದಿನೆಂಟಾಗುತ್ತದೆ. ನಾನು ನಡು ಊರನ್ನೇ ಮಡಿಕೆ ಅಂತ ಹಿಡಿದೆ. ಮಡಿಕೆಯಿಂದ ಐದು ಸಾವಿರ, ಬಿಚ್ಚಿದರೆ ಆಚೆ ಐದು ಈಚೆ ಐದು. ಆ ಯಂತ್ರಕ್ಕೆ ಮಡಿಕೆ ಅಂದರೇನು ಗೊತ್ತು? ಅದು ಈ ಅಂಚಿನಿಂದ ಆ ಅಂಚಿನವರೆಗೆ ಒಟ್ಟು ಐದು ಸಾವಿರ ಅಂತ ತಿಳಿದು, ನಡುವಿನಿಂದ ಎರಡೂವರೆಗೇ ಗೋಡೆ ಎಬ್ಬಿಸಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವತ್ತೇ ಹತ್ತು ಸಾವಿರ ಅಂತ ಹೊಡೆದು ಗೋಡೆಯನ್ನು ಸರಿಯಾದ ಜಾಗಕ್ಕೆ ಸರಿಸಿದೆವು. ಯಾರದೂ ಏನೂ ಹೋಗಿಲ್ಲ. ಅತ್ತೆಯ ತೋಟ, ಚಷ್ಮಾನ ಗೋಪುರ, ಎಲ್ಲ ಇದ್ದ ಹಾಗೇ ಇದೆ. ನೀನು ಇದನ್ನು ತಲೆಗೆ ಹಚ್ಚಿಕೊಳ್ಳಬೇಡ.

ಇರಲಿ. ಇನ್ನೊಂದು ವರ್ಷ ಅಲ್ಲೇ ಇರುತ್ತೀಯಾ ಅಂತ ನಿನ್ನ ಮೇಲಿನವರು ಕೇಳಿದ್ದಾರೆ, ಏನು ಮಾಡಲಿ ಅಪ್ಪ ಅಂತ ನೀನು ನನ್ನನ್ನು ಕೇಳಿದ್ದೀಯ. ನಾನು ಏನು ಹೇಳಲಿ? ಇರು ಅಂದರೆ ಸುಳ್ಳು, ಬಾ ಅಂದರೆ ಸ್ವಾರ್ಥ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ ಅಂತ ನಿನ್ನ ಅಮ್ಮ ಇದ್ದಾಗ ಬೈಯುತ್ತಿದ್ದಳು, ಇವತ್ತೂ ಅದನ್ನೇ ಮಾಡುತ್ತಿದ್ದೇನೆ. ಆ ಆಟದಲ್ಲಿ ಎಲ್ಲರ ಹೆಸರು ಪಟ್ಟಿಯಾಗಿ ಬರುತ್ತದಲ್ಲ, ನಿನ್ನ ಹೆಸರಿನ ಮುಂದೆ "ಕೊನೆಯ ಸಲ ಬಂದದ್ದು ೪೧೨ ದಿನಗಳ ಹಿಂದೆ" ಅಂತ ಇದೆ. ನಿನ್ನೆ ೪೧೧ ಇತ್ತು. ಅಂಗಡಿ ತೆರೆದ ತಕ್ಷಣ ಅದನ್ನು ನೋಡಬಾರದು ಅಂದುಕೊಳ್ಳುತ್ತೇನೆ, ನೋಡುತ್ತೇನೆ. ನೀನು ಚಿಕ್ಕವಳಿದ್ದಾಗ ಮೇಜಿನ ಕೆಳಗೆ ತುಂಡು ಬಟ್ಟೆಯ ರಾಶಿಯಲ್ಲಿ ಮಲಗಿಬಿಡುತ್ತಿದ್ದೆ. ಈಗಲೂ ನಾನು ಕಾಲು ಚಾಚುವ ಮೊದಲು ಒಮ್ಮೆ ಬಗ್ಗಿ ನೋಡುತ್ತೇನೆ. ಗಿರಾಕಿಗಳು ಏನೋ ಬಿದ್ದಿದೆ ಅಂತ ತಿಳಿದು ತಾವೂ ಬಗ್ಗುತ್ತಾರೆ.

ಈ ಪತ್ರದ ಜೊತೆ ಒಂದು ಕೋಟು ಕಳಿಸುತ್ತಿದ್ದೇನೆ. ಗಾಳಿ ನುಗ್ಗದ ಬಟ್ಟೆ, ಒಳಗೆ ಉಣ್ಣೆ, ಕತ್ತಿನವರೆಗೂ ಗುಂಡಿ. ಅಳತೆ ಹಳೆಯದು. ದಪ್ಪಗಾಗಿದ್ದರೆ ಪಕ್ಕದ ಹೊಲಿಗೆ ಬಿಚ್ಚಿಕೋ, ಎರಡು ಬೆರಳು ಬಟ್ಟೆ ಒಳಗೆ ಬಿಟ್ಟಿದ್ದೇನೆ. ಸಣ್ಣಗಾಗಿದ್ದರೆ ಮಾತ್ರ ನನಗೆ ತಿಳಿಸಬೇಡ, ನಿದ್ದೆ ಬರುವುದಿಲ್ಲ. ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳು, ಅಡುಗೆ ಮಾಡುವವರಿಗೆ ಎರಡು ಸಲ ಹೇಳು. ಹೊಟ್ಟೆ ತುಂಬಾ ಉಣ್ಣು, ಗಾಳಿ ಜೋರಿದ್ದ ದಿನ ಕಂಬ ಹತ್ತಬೇಡ, ನೀನು ಕೈ ಹಾಕಿದ ಕೆಲಸವೆಲ್ಲ ನೆಟ್ಟಗಾಗಲಿ.

ಇಂತಿ,
ನಿನ್ನ ಅಪ್ಪ

ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವರು ಬರಲು ಅರ್ಧ ಗಂಟೆಯೂ ಇಲ್ಲ. ಯಾರದೂ ಏನೂ ಹೋಗಿಲ್ಲ ಅಂತ ಬರೆದೆನಲ್ಲ, ಅದು ನಿಜವಲ್ಲ. ನಿನ್ನದು ಹೋಗಿದೆ ಚೂಟಿ. ಭಾನುವಾರ ಕತ್ತರಿ ಬಿದ್ದದ್ದೂ ಆ ಎರಡೂವರೆ ಸಾವಿರಕ್ಕೇ. ಗಡಿ ಸರಿಸಿದ ಮೇಲೆ ಬುಧವಾರ, ಗುರುವಾರ ಎರಡು ದಿನ ಆಟದಲ್ಲಿ ಪೂರ್ವಕ್ಕೆ ನಡೆದೆ. ಅತ್ತೆ ಕುದುರೆಯ ಮೇಲೆ ಜೊತೆಗೆ ಬಂದಳು. ಕತ್ತರಿಸಿದ ಭೂಮಿ ಮತ್ತೆ ಹಾಗೆಯೇ ಹುಟ್ಟುತ್ತದೆ, ಅದೇ ಬೆಟ್ಟ ಅದೇ ನೀರು, ಆದರೆ ಕೈಯಿಂದ ಕಟ್ಟಿದ್ದು ಮಾತ್ರ ಬರುವುದಿಲ್ಲ ಅಂತ ಚಷ್ಮಾ ಹೇಳಿದ್ದ, ಹಾಗೇ ಆಗಿದೆ. ನಾಲ್ಕು ಸಾವಿರದ ಇನ್ನೂರಕ್ಕೆ ಒಂದು ದಿಬ್ಬ ಇದೆ, ಮೂರು ಬಿಳಿ ಮರ ಇವೆ, ಎದುರಿಗೆ ಸಮುದ್ರ. ಬೇರೇನೂ ಇಲ್ಲ. ಅಲ್ಲಿ ಏನಿತ್ತು? ಮನೆಯೋ, ಸೇತುವೆಯೋ, ಬರೀ ಒಂದು ಕಟ್ಟೆಯೋ? ನೀನು ಬೇಡ ಅಂದದ್ದಕ್ಕೆ ನಾನು ಒಮ್ಮೆಯೂ ಇಣುಕಿರಲಿಲ್ಲ, ಈಗ ಏನನ್ನು ಕಳೆದೆ ಅಂತಲೂ ನನಗೆ ಗೊತ್ತಿಲ್ಲ. ಕೋಪ ಬಂದರೆ ಕೋಪವನ್ನೇ ಬರೆ, ಓದುತ್ತೇನೆ. ಆದರೆ ಅದರ ಜೊತೆಗೆ ಉದ್ದ ಎಷ್ಟು, ಅಗಲ ಎಷ್ಟು, ಬಾಗಿಲು ಯಾವ ಕಡೆ, ಯಾವ ಬಣ್ಣ ಅಂತ ಅಳತೆಯನ್ನೂ ಬರೆ. ಇನ್ನೊಂದು ವರ್ಷ ಇರುವುದಾದರೆ ಇರು, ಅಷ್ಟರಲ್ಲಿ ಕಲಿತುಕೊಂಡು ಕಟ್ಟಿ ಮುಗಿಸುತ್ತೇನೆ. ಬರುವುದಾದರೆ ಏನೂ ಬರೆಯಬೇಡ. ಬಂದು ತೋರಿಸು.