ಒಂದೇ ಕೂಸಿಗೆ ಎರಡು ಜ್ಞಾನಸ್ನಾನ

ಅಪ್ಪಾ, ಸುಖವಾಗಿ ತಲುಪಿದೆ. ಅವಳಿಗಳಲ್ಲಿ ಮೊದಲು ಹುಟ್ಟಿದ್ದು ನೀನೋ ಚಿಕ್ಕಪ್ಪನೋ ನೋಡಿ ಬಾ ಎಂದಿದ್ದೆಯಲ್ಲ, ಇವತ್ತು ಹಳೇ ಇಗರ್ಜಿಯ ದಾಖಲೆ ಲೈಬ್ರರಿಗೆ ಹೋಗಿದ್ದೆ. ಅಲ್ಲಿ ಓದಲು ಬಂದ ಸಂಶೋಧಕರು ಕೆಮ್ಮಲಿಕ್ಕೂ ಹೆದರುತ್ತಾರೆ. ಲೈಬ್ರರಿ ನೋಡಿಕೊಳ್ಳುವ ಸಿಸ್ಟರ್, ಜ್ಞಾನಸ್ನಾನದ ದಪ್ಪ ರಿಜಿಸ್ಟರನ್ನು ಬಾಣಂತಿಯಂತೆ ದಿಂಬಿನ ಮೇಲೆ ಒರಗಿಸಿ, ನಿಮ್ಮ ಪುಟ ತೆಗೆದರು. ಹುಟ್ಟಿದ ಗಳಿಗೆಯನ್ನು ಬರೆದೇ ಇಲ್ಲ! ಅಂಚಿನಲ್ಲಿ ಅಂದಿನ ಪಾದ್ರಿಗಳ ಟಿಪ್ಪಣಿಯಿದೆ: "ಎರಡೂ ಕೂಸು ತದ್ರೂಪ. ಗಡಿಬಿಡಿಯಲ್ಲಿ ಒಂದಕ್ಕೇ ಎರಡು ಸಲ ಜ್ಞಾನಸ್ನಾನದ ನೀರು ಹಾಕಿದೆನೆಂದು ಅನುಮಾನ. ಇನ್ನೊಂದು ಸುಖವಾಗಿ ನಿದ್ರಿಸಿತು."

ನಾನು ಗೊಳ್ಳೆಂದು ನಕ್ಕೆ. ಕೋಣೆಗೆ ಕೋಣೆಯೇ ತಲೆಯೆತ್ತಿತು. ಸಿಸ್ಟರ್ ಮಾತ್ರ ನಗಲಿಲ್ಲ.

"ಯಾರಿಗೆ ಬಿಟ್ಟು ಹೋಗಿದ್ಯೋ ಏನೋ! ಇಬ್ರನ್ನೂ ಕರೆಸಮ್ಮ. ಫಾದರ್‌ಗೆ ಹೇಳ್ತೀನಿ, ಇಬ್ರಿಗೂ ಇನ್ನೊಂದ್ಸಲ ನೀರು ಹಾಕಿಬಿಡ್ಲಿ."

"ಅವ್ರು ಮಾತು ಬಿಟ್ಟು ಹತ್ತು ವರ್ಷ ಆಯ್ತು ಸಿಸ್ಟರ್."

"ಮಾತ್ಯಾಕೆ? ಈ ಸಲ ಅಳದೆ ನಿಂತ್ಕೊಂಡ್ರೆ ಸಾಕು."

ಬರುವ ಭಾನುವಾರ ಎಂದು ನಿಗದಿಯಾಗಿದೆ. ಧೂಳಿಗೆ ನನಗೆ ಒಂದೇ ಸಮನೆ ಸೀನು, ಜ್ವರವೇನಿಲ್ಲ. ಚಿಕ್ಕಪ್ಪನಿಗೆ ಬೇರೆ ಕಾರ್ಡು ಬರೆಯುವುದಿಲ್ಲ. ಇದನ್ನು ನೀನೇ ಅವರ ಮನೆಗೆ ಒಯ್ದು ಓದಿ ಹೇಳು. ಇಬ್ಬರೂ ಒಂದೇ ಬಸ್ಸಿಗೆ ಬನ್ನಿ, ಕಿಟಕಿ ಸೀಟಿಗೆ ಕಿತ್ತಾಡಬೇಡಿ.

ಅಂಚೆ ಡಬ್ಬಿ ತೆರೆಯುತ್ತಿದ್ದಾರೆ, ಓಡಿದೆ.
ನಿನ್ನ ಮಗಳು