ಎರಡು ಬೆರಳು ಸಾಕು

ಭಾನುವಾರ, ಊಟವಾದ ಮೇಲೆ

ಹಡಗಿನ ಇಂಜಿನ್ ಕೋಣೆಯಲ್ಲಿ ಬೆವರು ಸುರಿಸುತ್ತಿರುವ ನನ್ನ ಅಕ್ಕನ ಮಗಳಿಗೆ, ನೆಲದ ಮೇಲೆ ಆರಾಮಾಗಿರುವ ಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಎರಡು ಕೆಲಸ ಒಪ್ಪಿಸಿದ್ದೀಯ. ಒಂದು, ನೀನು ಬಿಟ್ಟುಹೋದ ಆ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರನ್ನು, ಕಳಿಸಿದ ಹಣದೊಳಗೇ, ನೆಲದ ಕಡೆಗೆ ನಾಲ್ಕು ಬೆರಳಿನಷ್ಟು ತಗ್ಗಿಸಬೇಕು. ಇನ್ನೊಂದು, ರಜೆಗೆ ನೀನು ಬರುವಷ್ಟರಲ್ಲಿ ನಿನ್ನ ಅಮ್ಮ ಒಂದು ಸಲವಾದರೂ ಅದರಲ್ಲಿ ಕೂರುವ ಹಾಗೆ ಮಾಡಬೇಕು. ಮೊದಲು ಕಾರಿನ ಮಾತು. ಅಮ್ಮನ ಮಾತು ಕೊನೆಗೆ.

ನಿನ್ನ ಮಾವ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಗೇ ಓದು ಮುಗಿಸಿದವನು. ಇನ್ನು ಸಾಕು ಅನ್ನಿಸಿದ್ದು ನನಗಲ್ಲ, ಮೇಷ್ಟ್ರಿಗೆ. ಆದರೆ ಬಸ್ ಡಿಪೋದಲ್ಲಿ ನಾನು ಸ್ಪ್ಯಾನರ್ ಕೈಗೆತ್ತಿಕೊಂಡರೆ ಸಾಕು, ಕೆಟ್ಟು ನಿಂತ ಬಸ್ಸು ಹೆದರಿ ತಾನಾಗಿಯೇ ಹೊರಡುತ್ತಿತ್ತು. ಇದಕ್ಕೆ ಸಾಕ್ಷಿಗಳಿದ್ದಾರೆ. ಒಬ್ಬಿಬ್ಬರು ಇನ್ನೂ ಬದುಕಿದ್ದಾರೆ.

ಬಿಡಿಭಾಗಗಳ ಅಂಗಡಿಗೆ ಹೋದೆ. ಅಂಗಡಿಯವನಿಗೆ ನಾನಿಟ್ಟ ಹೆಸರು ಬೆಣ್ಣೆ. ಮಾತು ಅಷ್ಟು ನುಣುಪು. "ಇರೋ ಸ್ಪ್ರಿಂಗನ್ನೇ ಕತ್ತರಿಸ್ಬಿಡಿ ಯಜಮಾನ್ರೇ, ಖರ್ಚೇ ಇಲ್ಲ" ಅಂದ. "ಪ್ಯಾಂಟು ಗಿಡ್ಡ ಆಯ್ತು ಅಂತ ನೀನು ಕಾಲು ಕತ್ತರಿಸ್ಕೋತೀಯೇನಯ್ಯಾ?" ಅಂದೆ. ಕತ್ತರಿಸಿದ ಸ್ಪ್ರಿಂಗು, ಚಕ್ರ ಗುಂಡಿಯಲ್ಲಿ ಜೋತುಬಿದ್ದಾಗ ಜಾಗ ಬಿಟ್ಟು ಜಾರುತ್ತದೆ. ತಿರುವಿನಲ್ಲಿ ಹಾಗಾದರೆ ನಿನ್ನನ್ನು ಹುಡುಕಲು ನಾನು ಪೊದೆಗಿಳಿಯಬೇಕು.

ಆಮೇಲೆ ಕಾಯಿಲೋವರ್ ತೋರಿಸಿದ. ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎರಡೂ ಸೇರಿದ ಒಂದೇ ಜೋಡಣೆ. ಅದರ ಬಳೆ ತಿರುಗಿಸಿದರೆ ಕಾರು ಬೇಕಾದಷ್ಟು ಇಳಿಯುತ್ತದೆ, ಏರುತ್ತದೆ. ಒಳ್ಳೆಯದರ ಬೆಲೆ ಕೇಳಿಯೇ ನನಗೆ ಬಾಯಾರಿತು. ಯಾರೋ ಬಳಸಿ ಬಿಟ್ಟ ಅಗ್ಗದ್ದೊಂದಿತ್ತು. ಬಣ್ಣ ಬಳಿದು ಮದುಮಗನ ಹಾಗೆ ನಿಲ್ಲಿಸಿದ್ದ. ಕರವಸ್ತ್ರದಿಂದ ಅದರ ಕುತ್ತಿಗೆ ಒರೆಸಿದೆ, ಒಳಗಿಂದ ಸೋರಿದ ಎಣ್ಣೆ ಅಂಟಿತು. "ಬೆಣ್ಣೆ, ಮದುಮಗನಿಗೆ ನೆಗಡಿ ಕಣಪ್ಪಾ" ಅಂದೆ. ಅಂಗಡಿಯೆಲ್ಲ ನಕ್ಕಿತು, ಅವನೊಬ್ಬನನ್ನು ಬಿಟ್ಟು.

ಕೊನೆಗೆ ಆರಿಸಿದ್ದು ಕಾರ್ಖಾನೆಯಿಂದಲೇ ಗಿಡ್ಡವಾಗಿ ಬರುವ ಸ್ಪ್ರಿಂಗು, ಜೊತೆಗೆ ಅದಕ್ಕೆ ಹೊಂದುವ ಹೊಸ ಶಾಕ್ ಅಬ್ಸಾರ್ಬರು. ಹಳೆಯ ಶಾಕನ್ನೇ ಉಳಿಸಿಕೊಳ್ಳಬಹುದಿತ್ತು. ಆದರೆ ಉದ್ದನೆಯ ಮುದುಕನನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗಾಗುತ್ತಿತ್ತು, ಬೇಗನೆ ನರಳುತ್ತದೆ. ಇಳಿದದ್ದು ಎರಡು ಬೆರಳು, ನಾಲ್ಕಲ್ಲ. ಸಿಟ್ಟಾಗಬೇಡ. ಓಣಿಯ ತುದಿಯ ಉಬ್ಬು ಇದೆ, ಗೇಟಿನ ಕಲ್ಲು ಇದೆ, ಹೀಗೆ ತಾಂತ್ರಿಕ ಕಾರಣಗಳು ಬೇಕಾದಷ್ಟಿವೆ. ಪುರುಸೊತ್ತಾದಾಗ ಇನ್ನೂ ಕೆಲವನ್ನು ಯೋಚಿಸಿ ಬರೆಯುತ್ತೇನೆ.

ಕಾರನ್ನು ಜಾಕ್ ಮೇಲೆ ಎತ್ತಿ, ಎಲ್ಲ ಜೋಡಿಸಿ, ಬೋಲ್ಟುಗಳನ್ನು ಪೂರ್ತಿ ಬಿಗಿದು ಕೆಳಗಿಳಿಸಿದೆ. ಕಾರು ತಗ್ಗಲೇ ಇಲ್ಲ! ಕೆಸರು ಕಂಡ ಬೆಕ್ಕಿನ ಹಾಗೆ ತುದಿಗಾಲಲ್ಲಿ ನಿಂತಿತು. ಅಡಿಗೆಮನೆಯ ಕಿಟಕಿಯಿಂದ ನಿನ್ನ ಅಮ್ಮ, "ತಗ್ಗಿಸ್ತೀನಿ ಅಂದೋನು ಎತ್ತಿ ನಿಲ್ಸಿದೀಯಲ್ಲೋ!" ಅಂದಳು. "ಇದು ಮೊದಲ್ನೇ ಹಂತ ಕಣಕ್ಕಾ" ಅಂದೆ. ನಡೆದದ್ದಿಷ್ಟು: ಚಕ್ರ ಹಿಡಿಯುವ ತೋಳುಗಳ ಬುಡದಲ್ಲಿ ರಬ್ಬರ್ ಬುಷ್ ಇರುತ್ತದೆ. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬಿಗಿದರೆ ಆ ರಬ್ಬರು ಅದೇ ಭಂಗಿಯಲ್ಲಿ ಹಟ ಹಿಡಿಯುತ್ತದೆ. ಡಿಪೋದಲ್ಲಿ ಬಸ್ಸು ಯಾವಾಗಲೂ ತನ್ನ ಚಕ್ರದ ಮೇಲೇ ನಿಂತಿರುತ್ತಿತ್ತು, ಅದರ ಕೆಳಗೆ ತೋಡಿದ ಗುಂಡಿಗೆ ಇಳಿಯುತ್ತಿದ್ದವನು ನಾನು. ಹಾಗಾಗಿ ಈ ಪಾಠ ನನಗೆ ಬಂದೇ ಇರಲಿಲ್ಲ. ತಪ್ಪು ಅನ್ನಬೇಡ, ಪ್ರಯೋಗ ಅನ್ನು.

ಮತ್ತೆ ಬೋಲ್ಟು ಸಡಿಲಿಸಿ, ಚಕ್ರಗಳ ಕೆಳಗೆ ದಪ್ಪ ಹಲಗೆ ಕೊಟ್ಟು, ಎರಡೂ ಸೀಟಿಗೆ ಮನುಷ್ಯರ ತೂಕ ಹೇರಿ, ಆಮೇಲೆ ಕೆಳಗೆ ತೂರಿ ಬಿಗಿದೆ. ಚಾಲಕನ ಸೀಟಿಗೆ ಮರಳಿನ ಚೀಲ. ಪಕ್ಕದ ಸೀಟಿಗೂ ಒಂದು ತೂಕ ಸಿಕ್ಕಿತು. ಕಾರು ನಿಟ್ಟುಸಿರು ಬಿಟ್ಟು ಕುಳಿತಿತು. ಈಗ ನೋಡಿದರೆ ನಿನಗೆ ಅನ್ನ ನೀರು ಬೇಡವಾಗುತ್ತದೆ.

ಇನ್ನು ಎರಡನೆಯ ಕೆಲಸ. ಕಾರು ತಂದ ದಿನ ಅಕ್ಕ ಅಂದದ್ದು ನೆನಪಿದೆಯಲ್ಲ? "ಮೂರು ಜನ ಕೂರಕ್ಕಾಗ್ದಿರೋದು ಅದೆಂಥ ಕಾರು? ನಾನಂತೂ ಅದ್ರಲ್ಲಿ ಕೂರಲ್ಲ." ನೀನೂ "ಕೂರ್ಬೇಡ ಬಿಡಮ್ಮಾ" ಅಂದು ಮುಖ ತಿರುಗಿಸಿ ಹಡಗು ಹತ್ತಿದೆ. ತಾಯಿ ಮಗಳು ಇಬ್ಬರೂ ಚಕ್ರ ಗಾಳಿಯಲ್ಲಿದ್ದಾಗ ಬಿಗಿದ ಬೋಲ್ಟುಗಳು. ಅಕ್ಕ ಮಾತು ಬದಲಿಸಿಲ್ಲ. ಇಷ್ಟು ಬರೆಯಲು ಮಾತ್ರ ನನಗೆ ಅಪ್ಪಣೆಯಿದೆ.

ಅಲೆ ಜೋರಿದ್ದಾಗ ಏನಾದರೂ ಹಿಡಿದು ನಿಂತುಕೋ.

ಇಂತಿ,
ಡಿಪೋದ ಗುಂಡಿಯಲ್ಲಿ ದೊರೆಯಂತೆ ಬಾಳಿದ
ನಿನ್ನ ಮಾವ

ತಾ.ಕ.: ಪತ್ರದಲ್ಲಿ ಬರೆಯುವುದಿಲ್ಲ ಎಂದು ಅಕ್ಕ ನನ್ನಿಂದ ಆಣೆ ಮಾಡಿಸಿದ್ದಾಳೆ. ಸಹಿ ಬಿತ್ತು, ಪತ್ರ ಮುಗಿಯಿತು; ಇದು ಪತ್ರದ ಹೊರಗಿನ ಮಾತು. ಪಕ್ಕದ ಸೀಟಿನ ಆ ತೂಕ ನಿನ್ನ ಅಮ್ಮ. ಮರಳು ಸಾಲಲಿಲ್ಲವೆಂದು ನಾನು ಗೊಣಗುತ್ತಿದ್ದಾಗ ಕೈ ಒರೆಸಿಕೊಳ್ಳುತ್ತಾ ಬಂದು, "ಜರುಗೋ, ನಾನು ಕೂರ್ತೀನಿ. ತೂಕಕ್ಕೆ ಮಾತ್ರ, ತಿಳೀತಾ?" ಅಂದಳು. ಬಿಗಿದಾಯಿತು ಇಳಿಯಕ್ಕಾ ಅಂದರೆ ಇಳಿಯಲಿಲ್ಲ. ನೀನು ಗೇರಿನ ಕೋಲಿಗೆ ಸಿಕ್ಕಿಸಿಟ್ಟ ಕೂದಲಿನ ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತಿಕೊಂಡು ಕೂತೇ ಇದ್ದಳು. ನಾಲ್ಕು ಬೆರಳು ಇಳಿಸದ ಕಾರಣವೂ ಇದೇ: ಅವಳು ತರಕಾರಿ ಹೆಚ್ಚುವ ಗಿಡ್ಡ ಸ್ಟೂಲನ್ನು ಕದ್ದು ಅಳೆದಿದ್ದೆ, ಅದಕ್ಕಿಂತ ಕೆಳಗೆ ಕೂತರೆ ಅವಳ ಮಂಡಿ ಅವಳನ್ನು ಏಳಲು ಬಿಡುವುದಿಲ್ಲ. ಈಗ ದಿನಾ "ತೂಕ ಸರಿಯಿದೆಯಾ ನೋಡ್ಬೇಕು" ಎಂದು ತಾನೇ ಬಾಗಿಲು ತೆಗೆದು ಕೂರುತ್ತಾಳೆ. ನಿನ್ನೆಯ ಆಜ್ಞೆ ಕೇಳು: "ಅವಳು ಬರೋ ದಿನ ಬಂದರಿಗೆ ಹೋಗ್ತಾ ನೀನು ಓಡಿಸು. ಬರ್ತಾ ಅವಳು ಓಡಿಸ್ತಾಳೆ. ಎರಡೇ ಸೀಟಲ್ವಾ, ನೀನು ಬಸ್ಸಲ್ಲಿ ಬಾ."